ಪಟ್ಟಿಯ ಮೇಲೆ ಕತ್ತಿಯ ‘ಚಟ್ ಚಟ್’ ಸದ್ದು: ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಗೋಡೆಯ ಕೊಂಡಿಗೆ ಸಿಕ್ಕಿಸಿದ ಉದ್ದನೆಯ ಚರ್ಮದ ಪಟ್ಟಿ, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡುವ ಮಡಚು ಕತ್ತಿ. ಚಟ್, ಚಟ್, ಚಟ್. ಆಮೇಲೆ ಒಂದೇ ಎಳೆತಕ್ಕೆ ನುಣುಪಾಗುವ ಗಲ್ಲ. ಇಂಥ ರೀಲ್ಸ್ ನಿಮ್ಮ ಫೋನಿಗೂ ಬಂದಿರಬಹುದು. ಅವುಗಳ ಜೊತೆ ಬರುವ ಮಾತುಗಳು ಬಹುತೇಕ ಹೀಗಿರುತ್ತವೆ:

- ಸದ್ದು ಜೋರಾದಷ್ಟೂ ಕತ್ತಿ ಹರಿತ. ಸದ್ದು ಕೇಳಿಯೇ ಒಳ್ಳೆ ಕೈಯನ್ನು ಗುರುತಿಸಬಹುದು.
- ಪಟ್ಟಿಗೆ ಉಜ್ಜಿದರೆ ಕತ್ತಿ ಹೊಸದರಂತಾಗುತ್ತದೆ. ಬ್ಲೇಡ್ ಬೇಕೇ ಇಲ್ಲ.
- ಹಳೆ ಪದ್ಧತಿಯೇ ಸುರಕ್ಷಿತ. ಉಜ್ಜಿದಾಗ ಕೊಳೆ, ಕ್ರಿಮಿ ಎಲ್ಲಾ ಹೋಗುತ್ತವೆ.

ಮೊದಲನೆಯದು ಅರ್ಧ ಸತ್ಯ. ಎರಡನೆಯದು ಬಹುಪಾಲು ತಪ್ಪು. ಮೂರನೆಯದು ಅಪಾಯಕಾರಿ. ಒಂದೊಂದಾಗಿ ನೋಡೋಣ.

ಉಸ್ತರಾ, ವಸ್ತರಾ, ಕ್ಷೌರದ ಕತ್ತಿ

ಬೀದರ ಜಿಲ್ಲೆಯ ಔರಾದ ತಾಲ್ಲೂಕು ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗೆ ಅಂಟಿಕೊಂಡಿದೆ. ಹಾಗಾಗಿ ಇಲ್ಲಿ ಒಂದೇ ಕತ್ತಿಗೆ ಹಲವು ಹೆಸರು. ಉರ್ದು ಮಾತಾಡುವವರಿಗೆ ಅದು ಉಸ್ತರಾ, ಮರಾಠಿ ಮಾತಾಡುವವರಿಗೆ ವಸ್ತರಾ, ಕನ್ನಡದಲ್ಲಿ ಕ್ಷೌರದ ಕತ್ತಿ. ಹೆಸರು ಯಾವುದಾದರೂ ವಸ್ತು ಒಂದೇ: ಹಿಡಿಯೊಳಗೆ ಮಡಚಿಕೊಳ್ಳುವ ಉಕ್ಕಿನ ಅಲಗು. ಹಳೆಯ ಕತ್ತಿಗಳನ್ನು ತಿರುಗಿಸಿ ನೋಡಿದರೆ ಕೆಲವದರ ಮೇಲೆ ಜರ್ಮನಿಯ ಸೊಲಿಂಗೆನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ಹೆಸರು ಕೊರೆದಿರುತ್ತದೆ. ಎರಡೂ ಕತ್ತಿ ತಯಾರಿಕೆಗೆ ಹೆಸರಾದ ಊರುಗಳು.

ಈಗ ಔರಾದ, ಭಾಲ್ಕಿ, ಬೀದರದಲ್ಲಿ ಮಾತ್ರವಲ್ಲ, ದೇಶದ ಹೆಚ್ಚಿನ ಕಟಿಂಗ್ ಅಂಗಡಿಗಳಲ್ಲಿ ಇರುವುದು ಅದೇ ಆಕಾರದ, ಆದರೆ ಬೇರೆ ಜಾತಿಯ ಕತ್ತಿ. ಅದಕ್ಕೆ ಸ್ವಂತ ಅಲಗು ಇರುವುದಿಲ್ಲ. ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಒಳಗೆ ಸಿಕ್ಕಿಸುತ್ತಾರೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಈ ಲೇಖನದ ಮುಖ್ಯ ಮಾತು ಅದರಲ್ಲೇ ಇದೆ.

ಮಸೆಯುವುದು ಬೇರೆ, ಪಟ್ಟಿಗೆ ಎಳೆಯುವುದು ಬೇರೆ

ಕತ್ತಿ ಮೊಂಡಾದಾಗ ಸಾಣೆಕಲ್ಲಿಗೆ ಹಿಡಿಯುತ್ತಾರೆ. ಕಲ್ಲು ಉಕ್ಕನ್ನು ಸವೆಸಿ ಹೊಸ ಅಂಚು ಮಾಡುತ್ತದೆ. ಅಲ್ಲಿ ಕತ್ತಿಯ ಬಾಯಿ ಮುಂದಾಗಿ ಓಡುತ್ತದೆ, ಕಲ್ಲಿನ ಮೇಲಿಂದ ತೆಳುವಾದ ಪದರ ಕೊಯ್ಯುವ ಹಾಗೆ.

ಚರ್ಮದ ಪಟ್ಟಿಯ ಮೇಲೆ ದಿಕ್ಕು ತಿರುಗುಮುರುಗು. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಬಾಯಿ ಮುಂದಾದರೆ ಚರ್ಮವೇ ಕೊಯ್ದು ಹೋಗುತ್ತದೆ. ಚರ್ಮ ಉಕ್ಕಿಗಿಂತ ಬಹಳ ಮೆತ್ತಗಿನ ವಸ್ತು. ಅದು ಉಕ್ಕನ್ನು ಕಲ್ಲಿನಂತೆ ಕಡಿಯಲಾರದು. ಅಂಚಿನಲ್ಲಿ ಅತ್ತಿತ್ತ ಬಾಗಿದ ಸೂಕ್ಷ್ಮ ಎಳೆಗಳನ್ನು ನೇರ ಮಾಡುತ್ತದೆ, ಒರಸುತ್ತದೆ, ಒಂದಿಷ್ಟು ನಯಗೊಳಿಸುತ್ತದೆ. ಪಟ್ಟಿಗೆ ಹಸಿರು ಬಣ್ಣದ ಕ್ರೋಮಿಯಂ ಆಕ್ಸೈಡ್ ಪೇಸ್ಟ್ ಹಚ್ಚಿದರೆ ಮಾತು ಬೇರೆ. ಅದರ ಕಣಗಳು ಗಟ್ಟಿ. ಅವು ಉಕ್ಕನ್ನು ನಿಜಕ್ಕೂ ಸವೆಸುತ್ತವೆ. ಅಮೆರಿಕದ ಅಯೊವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹತಜ್ಞ ಜಾನ್ ವರ್ಹೋವೆನ್ 2004ರಲ್ಲಿ ಮಸೆದ ಅಂಚುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಬರೆದ ವರದಿಯೂ ಇದನ್ನೇ ಹೇಳುತ್ತದೆ: ಬರೀ ಚರ್ಮಕ್ಕಿಂತ ಪೇಸ್ಟ್ ಹಚ್ಚಿದ ಚರ್ಮದ ಪರಿಣಾಮವೇ ಹೆಚ್ಚು.

ಹಾಗಾದರೆ ಮೆತ್ತಗಿನ ಕೂದಲು ಗಟ್ಟಿ ಉಕ್ಕನ್ನು ಮೊಂಡು ಮಾಡುವುದು ಹೇಗೆ? ಇದಕ್ಕೆ 2020ರ ಆಗಸ್ಟ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಬಂತು. ಅಮೆರಿಕದ ಎಂಐಟಿಯ ಸಂಶೋಧಕ ಜಾನ್‌ಲೂಕಾ ರೊಸ್ಚೊಲಿ ತಮ್ಮದೇ ಗಡ್ಡ ಬೋಳಿಸಿ, ಪ್ರತಿ ಸಲವೂ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಉಕ್ಕಿಗೆ ಹೋಲಿಸಿದರೆ ಕೂದಲು ಸುಮಾರು 50 ಪಟ್ಟು ಮೆದು. ಆದರೂ ಅಂಚಿನಲ್ಲಿ ಚಿಕ್ಕ ಚಿಕ್ಕ ಚೂರು ಹಾರಿದ್ದು ಕಂಡಿತು. ಕೂದಲು ಬಾಗಿಕೊಂಡು ಓರೆಯಾಗಿ ತಗುಲಿದಾಗ, ಉಕ್ಕಿನೊಳಗಿನ ರಚನೆ ಎಲ್ಲ ಕಡೆ ಒಂದೇ ತೆರನಾಗಿಲ್ಲದ ಜಾಗದಲ್ಲಿ ಬಿರುಕು ಹುಟ್ಟಿ ಚೂರು ಕಿತ್ತು ಬರುತ್ತದೆ. ಅಂದರೆ ಬ್ಲೇಡ್ ಬರೀ ಸವೆದು ಮೊಂಡಾಗುವುದಿಲ್ಲ, ಮುಕ್ಕಾಗಿಯೂ ಮೊಂಡಾಗುತ್ತದೆ.

ಬಾಗಿದ್ದನ್ನು ಪಟ್ಟಿ ನೇರ ಮಾಡಬಹುದು. ಉದುರಿಹೋದ ಚೂರನ್ನು ಮತ್ತೆ ತಂದು ಅಂಟಿಸಲಾರದು. ಬ್ಲೇಡನ್ನು ಜೀನ್ಸ್ ಪ್ಯಾಂಟಿಗೆ, ಅಂಗೈಗೆ, ಗಾಜಿನ ಲೋಟದ ಒಳಮೈಗೆ ಉಜ್ಜಿದರೆ ಹೊಸದಾಗುತ್ತದೆ ಎನ್ನುವ ಫಾರ್ವರ್ಡ್‌ಗಳಿಗೂ ಇದೇ ಉತ್ತರ. ಸ್ವಲ್ಪ ನಯವಾಗಬಹುದು, ಹೊಸದಾಗುವುದಿಲ್ಲ.

ಸದ್ದು ಎಲ್ಲಿಂದ ಬರುತ್ತದೆ?

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವೆ. ಠಣ್ ಅಂದರೆ ಗಟ್ಟಿ, ಬದ್ ಅಂದರೆ ಎಲ್ಲೋ ಸೀಳಿದೆ. ಈ ಪರೀಕ್ಷೆ ಸರಿಯಾದದ್ದು. ಬಡಿದಾಗ ಇಡೀ ಗಡಿಗೆ ಕಂಪಿಸುತ್ತದೆ. ಸೀಳು ಆ ಕಂಪನವನ್ನು ಅಲ್ಲೇ ನುಂಗುತ್ತದೆ. ಸದ್ದು ಗಡಿಗೆಯ ಮೈಯ ಸುದ್ದಿ ಹೇಳುತ್ತದೆ.

ಕತ್ತಿಯ ಸದ್ದೂ ಹಾಗೆಯೇ ಕತ್ತಿಯ ಮೈಯ ಸುದ್ದಿ. ಬಾಯಿಯ ಸುದ್ದಿ ಅಲ್ಲ.

ಕೆಲವು ಕತ್ತಿಗಳ ಅಲಗನ್ನು ಎರಡೂ ಪಕ್ಕದಿಂದ ಗುಳಿ ಬೀಳುವಂತೆ ಕಡೆದಿರುತ್ತಾರೆ. ಬೆನ್ನು ದಪ್ಪ, ನಡುವೆ ಹಾಳೆಯಷ್ಟು ತೆಳು. ಒಂದು ತಗಡಿನ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅದರ ಬಿಗುವು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ತೆಳು ಅಲಗು ಸುಲಭವಾಗಿ ಕಂಪಿಸುತ್ತದೆ, ‘ಹಾಡುತ್ತದೆ’. ಬೆನ್ನಿನಿಂದ ಬಾಯಿಯವರೆಗೆ ನೇರ ಇಳಿಜಾರಾಗಿ, ಕೊಡಲಿಯ ಆಕಾರದಲ್ಲಿ ಮಾಡಿದ ಕತ್ತಿ ಎಷ್ಟೇ ಹರಿತವಿದ್ದರೂ ಹೆಚ್ಚು ಸದ್ದು ಮಾಡುವುದಿಲ್ಲ. ಅಡುಗೆಮನೆಯಲ್ಲೇ ಪರೀಕ್ಷಿಸಿ: ತೆಳುವಾದ ಸ್ಟೀಲ್ ತಟ್ಟೆಗೂ ದಪ್ಪ ಸೌಟಿಗೂ ಚಮಚದಿಂದ ಬಡಿಯಿರಿ. ತಟ್ಟೆ ಗುಂಯ್‌ಗುಡುತ್ತದೆ. ಅದಕ್ಕೆ ಹರಿತ ಅಂಚೇ ಇಲ್ಲ.

ಈಗ ಒಂದು ಸಣ್ಣ ಲೆಕ್ಕ. ಬೆನ್ನಿನಿಂದ ಬಾಯಿಯವರೆಗೆ ಸಾಮಾನ್ಯ ಕತ್ತಿಯ ಅಲಗಿನ ಅಗಲ ಸುಮಾರು 16 ಮಿಲಿಮೀಟರ್, ಅಂದರೆ 16,000 ಮೈಕ್ರಾನ್. ನಮ್ಮ ಒಂದು ಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಹರಿತ ಕತ್ತಿಯ ತುದಿಯ ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ. ಹರಿತಕ್ಕೂ ಮೊಂಡಿಗೂ ಇರುವ ಅಂತರ ತುದಿಯ ಒಂದೆರಡು ಮೈಕ್ರಾನಿನಲ್ಲಿ ಮುಗಿಯುತ್ತದೆ. 16,000ದಲ್ಲಿ ಒಂದೆರಡು! ಅಷ್ಟು ಚಿಕ್ಕ ಬದಲಾವಣೆ ಇಡೀ ಅಲಗಿನ ಕಂಪನವನ್ನು ಕಿವಿಗೆ ಗೊತ್ತಾಗುವಷ್ಟು ಬದಲಿಸಲಾರದು.

ಇನ್ನು ಆ ಜೋರಾದ ‘ಚಟ್’. ಅದರಲ್ಲಿ ಬಹುಪಾಲು ಪಟ್ಟಿಯದೇ. ಎರಡೂ ತುದಿ ಬಿಗಿದ ಪಟ್ಟಿ ಡೊಳ್ಳಿನ ಚರ್ಮದ ಹಾಗೆ ವರ್ತಿಸುತ್ತದೆ. ಕತ್ತಿಯನ್ನು ತಿರುಗಿಸಿ ಮತ್ತೆ ಇಡುವಾಗ ಮೆಲ್ಲಗೆ ಇಡದೆ ಬಡಿದರೆ ಸದ್ದು ಜೋರಾಗುತ್ತದೆ, ಅಂಚಿಗೆ ಏಟೂ ಬೀಳುತ್ತದೆ. ಜೋರು ಸದ್ದು ಎಷ್ಟೋ ಸಲ ಒಳ್ಳೆ ಕೈಯ ಗುರುತಲ್ಲ, ಅವಸರದ ಕೈಯ ಗುರುತು.

ಹಾಗಾದರೆ ಕಿವಿಗೆ ಕೆಲಸವೇ ಇಲ್ಲವೇ?

ಇದೆ. ಮೊದಲ ಮಾತು ಅರ್ಧ ಸತ್ಯ ಎಂದದ್ದು ಇದಕ್ಕೇ. ಪಟ್ಟಿಯ ಕೆಲಸ ಚೆನ್ನಾಗಿ ಬಲ್ಲವರು ಕಿವಿಯನ್ನೂ ಬಳಸುತ್ತಾರೆ. ಆದರೆ ಅವರು ಗಮನಿಸುವುದು ಸದ್ದಿನ ಜೋರನ್ನಲ್ಲ, ಅದರ ಸಮತೆಯನ್ನು.

- ಹೋಗುವಾಗ, ಬರುವಾಗ ಒಂದೇ ಸದ್ದು: ಅಲಗಿನ ಎರಡೂ ಮುಖಕ್ಕೆ ಒಂದೇ ಭಾರ ಬೀಳುತ್ತಿದೆ. ಒಂದು ಕಡೆ ಮೆಲ್ಲಗೆ, ಇನ್ನೊಂದು ಕಡೆ ಗಡುಸು ಎಂದಾದರೆ ಕೈಯ ಒತ್ತಡ ಏರುಪೇರಾಗಿದೆ.
- ಸದ್ದು ಒಮ್ಮೆಲೇ ಸಣ್ಣಗೆ, ಕೆರೆದಂತೆ ಆಯಿತು: ಕತ್ತಿಯ ಬೆನ್ನು ಪಟ್ಟಿಯಿಂದ ಮೇಲೆ ಎದ್ದಿರಬಹುದು. ಬೆನ್ನು ಮತ್ತು ಬಾಯಿ ಎರಡೂ ಪಟ್ಟಿಗೆ ತಾಗಿರಬೇಕು. ಬೆನ್ನು ಎದ್ದರೆ ಅಂಚು ದುಂಡಗಾಗಿ, ಉಜ್ಜಿದಷ್ಟೂ ಮೊಂಡಾಗುತ್ತದೆ.
- ಪ್ರತಿ ಎಳೆತಕ್ಕೂ ಒಂದೇ ಜಾಗದಲ್ಲಿ ಟಿಕ್ ಎನ್ನುತ್ತದೆ: ಪಟ್ಟಿಯಲ್ಲಿ ಗೀರು ಇದೆ, ಮರಳಿನ ಕಣ ಕೂತಿದೆ, ಇಲ್ಲವೇ ಅಂಚು ಅಲ್ಲಿ ಮುಕ್ಕಾಗಿದೆ. ಅಲ್ಲಿಗೇ ನಿಲ್ಲಿಸಬೇಕು.
- ಸದ್ದು ಮಂಕಾಗಿ, ಸಡಿಲವಾಗಿದೆ: ಪಟ್ಟಿ ಜೋಲು ಬಿದ್ದಿದೆ. ಜೋಲು ಪಟ್ಟಿ ಅಂಚಿನ ಸುತ್ತ ಬಾಗಿ ಅದನ್ನು ದುಂಡು ಮಾಡುತ್ತದೆ.

ಎಳೆತ ಮುಗಿದಾಗ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಬೇಕು, ಬಾಯಿಯ ಮೇಲೆ ಅಲ್ಲ. ಒತ್ತಬಾರದು, ಕತ್ತಿಯ ತೂಕವೇ ಸಾಕು. ವೇಗ ಅನಗತ್ಯ. ಕಲಿಯುವವರಿಗೆ ಸದ್ದು ಒಳ್ಳೆ ಮಾಸ್ತರು: ತಪ್ಪಾದ ಕ್ಷಣದಲ್ಲೇ ಹೇಳುತ್ತದೆ. ಆದರೆ ಅದು ಹೇಳುವುದು ‘ಈ ಕೈ, ಈ ಪಟ್ಟಿ, ಈ ಕತ್ತಿ ಈಗ ಹೇಗೆ ಸೇರಿವೆ’ ಎಂಬುದನ್ನು ಮಾತ್ರ. ಮಳೆಗಾಲದಲ್ಲಿ ತೇವ ಹೀರಿದ ಚರ್ಮ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಸಾಗುತ್ತದೆ, ಎಣ್ಣೆ ಹಚ್ಚಿದರೆ ಇನ್ನೊಂದು ಥರ. ಅದೇ ಕತ್ತಿ, ಅದೇ ಹರಿತ, ಸದ್ದು ಮಾತ್ರ ಬೇರೆ. ಹರಿತ ಗೊತ್ತಾಗುವುದು ಕೂದಲು ಎಳೆಯದೆ ಕತ್ತರಿಸುತ್ತದೆಯೋ ಇಲ್ಲವೋ ಎಂಬುದರಿಂದ.

ರೀಲ್ಸ್ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿ ನೀವು ಕೇಳುವುದು ಅಂಗಡಿಯ ಸದ್ದೇ ಆಗಿರಬೇಕೆಂದಿಲ್ಲ. ಪಟ್ಟಿಯ ಪಕ್ಕದಲ್ಲೇ ಮೈಕ್ ಇಡಬಹುದು, ಆಮೇಲೆ ಸದ್ದು ಏರಿಸಬಹುದು, ಬೇರೆ ಸದ್ದನ್ನೇ ಸೇರಿಸಬಹುದು. ಫೋನಿನ ಪುಟ್ಟ ಸ್ಪೀಕರ್ ತಗ್ಗಿನ ಸ್ವರಗಳನ್ನು ಸರಿಯಾಗಿ ಕೇಳಿಸುವುದೂ ಇಲ್ಲ. ರೀಲ್ಸ್ ಕೇಳಿ ಕೈಗುಣ ಅಳೆಯುವುದು ಫೋಟೊ ನೋಡಿ ಊಟದ ರುಚಿ ಹೇಳಿದ ಹಾಗೆ.

ಆ ಸದ್ದು ಖಚಿತವಾಗಿ ಹೇಳುವ ಒಂದು ವಿಷಯ

ಅರ್ಧ ಬ್ಲೇಡ್ ಹಾಕುವ ಕತ್ತಿಗೆ ಪಟ್ಟಿ ಬೇಕಿಲ್ಲ. ಬ್ಲೇಡ್ ಕಾರ್ಖಾನೆಯಿಂದಲೇ ಹರಿತವಾಗಿ ಬರುತ್ತದೆ, ಕೆಲಸ ಮುಗಿದ ಮೇಲೆ ಕಸಕ್ಕೆ ಹೋಗಬೇಕು. ಪಟ್ಟಿ ಬೇಕಾಗುವುದು ಅಲಗು ಖಾಯಂ ಇರುವ ಕತ್ತಿಗೆ. ಹಾಗಾಗಿ ಅಂಗಡಿಯಲ್ಲಿ ಕೂತಾಗ ನಿಮ್ಮ ಗಡ್ಡಕ್ಕೆ ಮುನ್ನ ಚಟ್ ಚಟ್ ಕೇಳಿಸಿದರೆ, ಆ ಅಲಗು ನಿಮ್ಮೊಬ್ಬರಿಗಾಗಿ ತೆಗೆದದ್ದಲ್ಲ. ಅದು ನಿಮಗಿಂತ ಮೊದಲು ಇನ್ನೊಬ್ಬರ ಗಲ್ಲದ ಮೇಲೆ ಓಡಿದೆ. ಹಳೆ ಬ್ಲೇಡನ್ನು ಅಂಗೈಗೆ ಉಜ್ಜಿ ಮತ್ತೆ ಬಳಸಿದರೂ ಅಷ್ಟೇ.

ಇಲ್ಲಿಂದ ಮೂರನೆಯ ಮಾತಿಗೆ ಬರೋಣ: ಉಜ್ಜಿದರೆ ಕ್ರಿಮಿ ಹೋಗುತ್ತವೆಯೇ?

ಇಲ್ಲ. ಗಡ್ಡ ಬೋಳಿಸುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳೂ ಆಗುತ್ತವೆ. ಅಂಚಿಗೆ ರಕ್ತದ ಕಣ ಅಂಟಬಹುದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಸೋಂಕು ತಗುಲಿಸುವ ಶಕ್ತಿ ಉಳಿಸಿಕೊಳ್ಳುತ್ತದೆ. ಕಣ್ಣಿಗೆ ರಕ್ತ ಕಾಣದಿದ್ದರೂ ವೈರಸ್ ಇರಬಹುದು. ಪಟ್ಟಿಗೆ ಎಳೆದಾಗ ಆ ಕಣ ಸಾಯುವುದಿಲ್ಲ, ಚರ್ಮಕ್ಕೆ ಅಂಟಿಕೊಳ್ಳಬಹುದು. ಚರ್ಮ ರಂಧ್ರಗಳಿರುವ ವಸ್ತು. ಅದನ್ನು ಕುದಿಸಲಾಗುವುದಿಲ್ಲ, ಪೂರ್ತಿ ಕ್ರಿಮಿಮುಕ್ತ ಮಾಡುವುದು ಕಷ್ಟ. ಮುಂದಿನ ಕತ್ತಿ ಅದೇ ಪಟ್ಟಿಯ ಮೇಲೆ ಓಡುತ್ತದೆ.

ಹಾಗಾದರೆ ಪಟಿಕ? ಫಟ್ಕರಿ ಎಂದೂ ಕರೆಯುವ ಈ ಕಲ್ಲು ಚರ್ಮವನ್ನು ಬಿಗಿದು ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ. ವೈರಸ್ ಕೊಲ್ಲುತ್ತದೆಂದು ಅದನ್ನು ನಂಬಬಾರದು. ಒಂದೇ ಕಲ್ಲನ್ನು ಎಲ್ಲರ ಗಾಯಕ್ಕೂ ಉಜ್ಜಿದರೆ ಅದೂ ಪಟ್ಟಿಯ ಹಾಗೆಯೇ ಹಂಚಿಕೆಯ ವಸ್ತು. ನೀರು ಬೆರೆಸಿದ ನಂಜುನಾಶಕದಲ್ಲಿ ಕತ್ತಿಯನ್ನು ಒಂದು ಸಲ ಅದ್ದಿ ತೆಗೆದರೂ ಭರವಸೆ ಇಲ್ಲ.

ಭಯ ಸರಿಯಾದ ಜಾಗದಲ್ಲಿರಲಿ

ಕಟಿಂಗ್ ಅಂಗಡಿ ಎಂದರೆ ಏಡ್ಸ್ ಎಂದು ಹೆದರಿಸುವ ಫಾರ್ವರ್ಡ್‌ಗಳೂ ಇವೆ. ಅಲ್ಲಿ ಕಾಯಿಲೆಯ ಹೆಸರು ತಪ್ಪಿದೆ. ಎಚ್‌ಐವಿ ದೇಹದ ಹೊರಗೆ ಹೆಚ್ಚು ಹೊತ್ತು ಬದುಕುವುದಿಲ್ಲ. ಆಸ್ಪತ್ರೆಗಳಲ್ಲಿ ಸೋಂಕಿತರಿಗೆ ಬಳಸಿದ ಸೂಜಿ ಅಕಸ್ಮಾತ್ ಸಿಬ್ಬಂದಿಗೆ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ 1,000ದಲ್ಲಿ ಸುಮಾರು 3. ಹೆಪಟೈಟಿಸ್ ಸಿ 100ರಲ್ಲಿ ಸುಮಾರು 2. ಹೆಪಟೈಟಿಸ್ ಬಿ, ಲಸಿಕೆ ಪಡೆಯದವರಿಗೆ, 100ರಲ್ಲಿ 6ರಿಂದ 30. ಇದು ಸೂಜಿಯ ಲೆಕ್ಕ. ಕತ್ತಿಯಲ್ಲಿ ಉಳಿಯುವ ರಕ್ತ ಇನ್ನೂ ಕಡಿಮೆ, ಹಾಗಾಗಿ ಅಪಾಯವೂ ಕಡಿಮೆ. ಆದರೆ ಮೂರರಲ್ಲಿ ಯಾವುದರ ಬಗ್ಗೆ ಹೆಚ್ಚು ಎಚ್ಚರ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇದ್ದವರು ಸುಮಾರು 2.98 ಕೋಟಿ, ಹೆಪಟೈಟಿಸ್ ಸಿ ಇದ್ದವರು ಸುಮಾರು 55 ಲಕ್ಷ. ಇವರಲ್ಲಿ ಬಹಳ ಜನರಿಗೆ ತಮಗೆ ಸೋಂಕಿದೆ ಎಂದೇ ಗೊತ್ತಿರುವುದಿಲ್ಲ. ಕಾಮಾಲೆಯ ಹಳದಿ ಬಣ್ಣ ಎಲ್ಲರಲ್ಲೂ ಕಾಣಿಸುವುದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಕೊನೆಗೆ ಲಿವರ್ ಗಡುಸಾಗಬಹುದು, ಕ್ಯಾನ್ಸರ್ ಬರಬಹುದು. ಆದ್ದರಿಂದ ‘ಗಿರಾಕಿ ನೋಡಲು ಆರೋಗ್ಯವಾಗಿದ್ದಾನೆ’ ಎಂಬುದು ಪರೀಕ್ಷೆ ಅಲ್ಲ.

ಜಾವಳದ ಕತ್ತಿ

ಹೆಚ್ಚು ಗಮನ ಬೇಕಾದದ್ದು ದೊಡ್ಡವರ ಗಡ್ಡಕ್ಕಿಂತ ಮಕ್ಕಳ ಜಾವಳಕ್ಕೆ. ನಮ್ಮ ಕಡೆ ಮಗುವಿನ ಮೊದಲ ಕೂದಲನ್ನು ದೇವರ ಸನ್ನಿಧಿಯಲ್ಲಿ, ಜಾತ್ರೆಯಲ್ಲಿ ತೆಗೆಸುವ ಪದ್ಧತಿ ಇದೆ. ಸಾಲಿನಲ್ಲಿ ಹತ್ತಾರು ಮಕ್ಕಳು ಕಾಯುತ್ತಿರುತ್ತಾರೆ. ಮಗು ಅಳುತ್ತದೆ, ತಲೆ ಕೊಸರುತ್ತದೆ, ಎಲ್ಲೋ ಒಂದು ಗೀರು ಬೀಳುತ್ತದೆ. ಅದೇ ಬ್ಲೇಡ್ ಮುಂದಿನ ಮಗುವಿಗೂ ಹೋದರೆ?

ದೊಡ್ಡವರಿಗೆ ಹೆಪಟೈಟಿಸ್ ಬಿ ತಗುಲಿದರೆ 100ರಲ್ಲಿ 95ಕ್ಕೂ ಹೆಚ್ಚು ಮಂದಿ ತಾವಾಗಿಯೇ ಗುಣವಾಗುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ತಗುಲಿದರೆ ಲೆಕ್ಕ ತಲೆಕೆಳಗು. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ.

ಇದಕ್ಕೆ ಲಸಿಕೆ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸ್, ಆಮೇಲೆ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯ ಜೊತೆಗೆ. ಜಾವಳಕ್ಕೆ ಮುಹೂರ್ತ ನೋಡುವಾಗ ತಾಯಿ ಕಾರ್ಡನ್ನೂ ಒಮ್ಮೆ ತೆಗೆದು ನೋಡಿ. ಹೋಗುವಾಗ ಹೊಸ ಬ್ಲೇಡಿನ ಪೊಟ್ಟಣ ನೀವೇ ಜೊತೆಗೆ ಒಯ್ಯಿರಿ.

ಅಂಗಡಿಯಲ್ಲಿ ಏನು ಮಾಡಬೇಕು?

1. ಕುರ್ಚಿಯಲ್ಲಿ ಕೂತ ಕೂಡಲೇ ಕೇಳಿ: “ಕಾಕಾ, ಹೊಸ ಬ್ಲೇಡ್ ಹಾಕ್ರಿ.” ಪೊಟ್ಟಣ ನಿಮ್ಮೆದುರೇ ಬಿಚ್ಚಬೇಕು, ಬ್ಲೇಡ್ ನಿಮ್ಮೆದುರೇ ಮುರಿಯಬೇಕು. ಇದು ಅವಮಾನದ ಮಾತಲ್ಲ.
2. ಬ್ಲೇಡ್ ಮುರಿದಾಗ ಎರಡು ತುಂಡಾಗುತ್ತದೆ. ಬಳಸದ ಇನ್ನರ್ಧ ಮುಂದಿನವರಿಗೆ ಹೋದರೆ ತೊಂದರೆ ಇಲ್ಲ. ಬಳಸಿದ ಅರ್ಧ ವಾಪಸ್ ಡಬ್ಬಿಗೆ ಹೋಗಬಾರದು.
3. ಗಾಯವಾದರೆ ಎಲ್ಲರಿಗೂ ಉಜ್ಜುವ ಪಟಿಕ ಬೇಡ. ಶುಭ್ರ ಹತ್ತಿಯಿಂದ ಒತ್ತಿ ಹಿಡಿದರೆ ಸಾಕು.
4. ಮನೆಯಲ್ಲಿ ಅಜ್ಜನ ಕಾಲದ ಕತ್ತಿ ಇದ್ದರೆ ಪಟ್ಟಿಗೆ ಎಳೆದು ಖುಷಿಯಾಗಿ ಬಳಸಿ, ಒಬ್ಬರೇ. ಕತ್ತಿ, ಪಟ್ಟಿ, ರೇಜರ್ ಯಾವುದನ್ನೂ ಅಣ್ಣ-ತಮ್ಮ, ಅಪ್ಪ-ಮಗ ಹಂಚಿಕೊಳ್ಳಬಾರದು.
5. ಹಿಂದೆ ಹಂಚಿದ ಕತ್ತಿಯಲ್ಲಿ ದಾಡಿ ಮಾಡಿಸಿಕೊಂಡ ನೆನಪಿದ್ದು ಆತಂಕವಿದ್ದರೆ, ಒಂದು ರಕ್ತ ಪರೀಕ್ಷೆ ಸಾಕು. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಿಂದ ಇದೆ. ಅದರಡಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ.

ಅಂಗಡಿಯವರ ಬಗ್ಗೆಯೂ ಒಂದು ಮಾತು. ದಿನಕ್ಕೆ ಹತ್ತಾರು ಜನರ ಗಡ್ಡ ಮಾಡುವ ಕೈಗೇ ಮೊದಲ ಗೀರು ಬೀಳುವುದು. ಗಿರಾಕಿಗೆ ತಿಂಗಳಲ್ಲಿ ನಾಲ್ಕು ಸಲದ ಅಪಾಯವಾದರೆ ಅವರಿಗೆ ದಿನವಿಡೀ. ದೊಡ್ಡವರೂ 0, 1 ಮತ್ತು 6ನೇ ತಿಂಗಳಲ್ಲಿ ಮೂರು ಡೋಸ್ ಹೆಪಟೈಟಿಸ್ ಬಿ ಲಸಿಕೆ ಪಡೆಯಬಹುದು. ಈ ವೃತ್ತಿಯಲ್ಲಿರುವ ಪ್ರತಿಯೊಬ್ಬರೂ ಪಡೆಯಬೇಕು. ಇದೇ ಜಿಲ್ಲೆಯ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಬಸವಣ್ಣನವರ ಒಡನಾಡಿಯಾಗಿದ್ದ ಹಡಪದ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ನೆನೆಯುವ ಸಮುದಾಯದ ಕಾಯಕ ಇದು. ಹೊಸ ಬ್ಲೇಡ್ ಕೇಳುವುದು ಆ ಕಾಯಕಕ್ಕೆ ಅಗೌರವವಲ್ಲ. ಒಂದು ಬ್ಲೇಡಿನ ಬೆಲೆಗಾಗಿ ಚೌಕಾಶಿ ಮಾಡುವುದು ಅಗೌರವ. ಬ್ಲೇಡಿಗೆ ಹೆಚ್ಚುವರಿ ಕೇಳಿದರೆ ಕೊಟ್ಟುಬಿಡಿ.

ಫಾರ್ವರ್ಡ್ ಮಾಡುವ ಮುನ್ನ

ಪಟ್ಟಿಯ ಮೇಲಿನ ಸಮನಾದ ಸದ್ದು ಕೈ ಪಳಗಿದೆ ಎಂದು ಹೇಳಬಲ್ಲದು. ಕತ್ತಿ ಹರಿತವಿದೆ ಎಂದು ಹೇಳಲಾರದು. ಕತ್ತಿ ಶುಭ್ರವಿದೆ ಎಂದಂತೂ ಹೇಳಲಾರದು. ಆ ರೀಲ್ಸ್ ನೋಡಲು ಚೆಂದ, ಕೇಳಲೂ ಚೆಂದ, ನೋಡಿ. ಕಳಿಸುವುದಾದರೆ ಅದರ ಕೆಳಗೆ ಒಂದು ಸಾಲು ಸೇರಿಸಿ ಕಳಿಸಿ: ‘ಅಂಗಡಿಯಲ್ಲಿ ಮಾತ್ರ ಹೊಸ ಬ್ಲೇಡ್ ಕೇಳಿ.’